ಅಡ್ರಿನಲ್ ಗ್ರಂಥಿಯೂ ಅದರ ಲಗಾಮೂ

ಅಧ್ಯಕ್ಷರೇ, ಸಭಿಕರೇ,

ಕಾರ್ಟಿಸಾಲ್ ಎಂದೊಡನೆ ‘ಒತ್ತಡದ ಹಾರ್ಮೋನ್’ ಎಂಬ ಮಾತು ಎಲ್ಲರ ಬಾಯಲ್ಲೂ ಬರುತ್ತದೆ. ಆ ಅಡ್ಡಹೆಸರಿನ ಮೇಲೆ ನನಗೆ ಹಳೆಯ ತಕರಾರಿದೆ. ನಾವು ಇನ್ನೂ ನಿದ್ದೆಯಲ್ಲಿರುವಾಗಲೇ, ಯಾವ ಒತ್ತಡವೂ ಎದುರಾಗುವ ಮೊದಲೇ ಅದು ರಕ್ತದಲ್ಲಿ ಏರತೊಡಗಿ, ಬೆಳಿಗ್ಗೆ ಎಂಟರ ಆಸುಪಾಸಿಗೆ ಅತಿ ಹೆಚ್ಚಾಗಿರುತ್ತದೆ. ನಡುರಾತ್ರಿಯ ಹೊತ್ತಿಗೆ ತಳಮುಟ್ಟಿರುತ್ತದೆ. ಆದ್ದರಿಂದಲೇ, ರಕ್ತ ತೆಗೆದ ಹೊತ್ತನ್ನು ನಮೂದಿಸದ ಕಾರ್ಟಿಸಾಲ್ ವರದಿಯನ್ನು ನಾನು ಓದುವ ಗೋಜಿಗೇ ಹೋಗುವುದಿಲ್ಲ.

ಕಾರ್ಟಿಸಾಲಿನ ತವರು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು, ತಲಾ ನಾಲ್ಕೈದು ಗ್ರಾಂ ತೂಗುತ್ತವೆ. ಒಂದನ್ನು ಅಡ್ಡಲಾಗಿ ಕೊಯ್ದು ನೋಡಿದರೆ, ಕೊಬ್ಬಿನಂಶ ತುಂಬಿದ ಹಳದಿ ಹೊರಪದರವೂ ಅದರೊಳಗೆ ಕೆಂಗಂದು ಬಣ್ಣದ ತಿರುಳೂ ಬರಿಗಣ್ಣಿಗೇ ಕಾಣುತ್ತವೆ. ಹೊರಪದರದ ನಡುವಿನ ಸ್ತರ ಕಾರ್ಟಿಸಾಲನ್ನು ತಯಾರಿಸುತ್ತದೆ, ಆದರೆ ತನ್ನಿಷ್ಟದಂತೆ ಅಲ್ಲ. ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಪಿಟ್ಯುಟರಿ ಅಡ್ರಿನಲ್ ಹೊರಪದರವನ್ನು ಕೆಲಸಕ್ಕೆ ಹಚ್ಚುವ ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಅಡ್ರಿನಲ್ ಕಾರ್ಟಿಸಾಲ್ ಕೊಡುತ್ತದೆ. ಆ ಕಾರ್ಟಿಸಾಲೇ ಹಿಂದಿರುಗಿ ಮೇಲಿನ ಇಬ್ಬರ ಬಾಯಿಯನ್ನೂ ಕಟ್ಟುತ್ತದೆ. ಲಗಾಮು ಎಂದು ನಾನು ಕರೆಯುವುದು ಇದನ್ನೇ. ಹಾರ್ಮೋನುಗಳ ಗುಣಗಾನವೇ ನಡೆಯುವಲ್ಲಿ ಲಗಾಮಿನ ಮಾತು ಯಾರಿಗೂ ಬೇಡವಾಗಿದೆ.

ಲಗಾಮು ಸಡಿಲವಾದರೆ ಏನಾಗುತ್ತದೆ ಎಂಬುದು ಚರ್ಮದ ಮೇಲೆಯೇ ಬರೆದಿರುತ್ತದೆ. 1855ರಲ್ಲಿ ಇಂಗ್ಲಿಷ್ ವೈದ್ಯ ಥಾಮಸ್ ಅಡಿಸನ್ ವರ್ಣಿಸಿದ ರೋಗಿಗಳಲ್ಲಿ ನಿಶ್ಶಕ್ತಿಯ ಜೊತೆಗೆ ಚರ್ಮವೂ ಕಪ್ಪಿಟ್ಟಿತ್ತು. ಹಾಳಾದ ಗ್ರಂಥಿಯಿಂದ ಕಾರ್ಟಿಸಾಲ್ ಬರದಾಗ ಪಿಟ್ಯುಟರಿ ಹತೋಟಿಯಿಲ್ಲದೆ ಎಸಿಟಿಎಚ್ ಸುರಿಸುತ್ತದೆ, ಅದು ಬಣ್ಣದ ಕೋಶಗಳನ್ನೂ ಕೆಣಕುತ್ತದೆ. ಅಂಗೈಯ ಗೆರೆಗಳು, ಒಸಡುಗಳು ಸಹ ಕಪ್ಪಾಗುತ್ತವೆ.

ಈಗ ನನಗೆ ತೀರ ಪ್ರಿಯವಾದ ಕಥೆ. ಇದನ್ನು ಮೊದಲೇ ಕೇಳಿರುವವರು ಕ್ಷಮಿಸಬೇಕು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯ ಫಿಲಿಪ್ ಹೆಂಚ್ ಅವರಿಗೆ 1929ರಲ್ಲಿ ಒಬ್ಬ ರೋಗಿ, ಕಾಮಾಲೆ ಬಂದ ಮೇಲೆ ತನ್ನ ಕೀಲುನೋವು ಮಾಯವಾಯಿತೆಂದು ಹೇಳಿದ. ಬೇರೊಬ್ಬರಾಗಿದ್ದರೆ ಕಾಕತಾಳೀಯವೆಂದು ಕೈಬಿಡುತ್ತಿದ್ದರು, ಹೆಂಚ್ ಬಿಡಲಿಲ್ಲ. ಗರ್ಭಿಣಿಯರಲ್ಲಿಯೂ ಕೀಲುವಾತ ತಗ್ಗುವುದನ್ನು ಗಮನಿಸಿದರು, ರೋಗಿಗಳಿಗೆ ಪಿತ್ತರಸವನ್ನೇ ಕೊಟ್ಟು ನೋಡಿದರು, ಫಲ ಸಿಗಲಿಲ್ಲ. ಕಣ್ಣಿಗೆ ಕಾಣದ ಆ ವಸ್ತುವಿಗೆ ‘ಎಕ್ಸ್’ ಎಂದು ಹೆಸರಿಟ್ಟುಕೊಂಡು ಕಾದರು. ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಲ್ ಅಡ್ರಿನಲ್ ಗ್ರಂಥಿಗಳಿಂದ ಒಂದೊಂದೇ ಸಂಯುಕ್ತವನ್ನು ಬೇರ್ಪಡಿಸುತ್ತಿದ್ದರು. ಅವುಗಳಲ್ಲಿ ‘ಇ’ ಎಂಬುದೇ ಮುಂದೆ, ಕಾರ್ಟಿಸಾಲಿನ ಹತ್ತಿರದ ನೆಂಟನಾದ ಕಾರ್ಟಿಸೋನ್ ಆಯಿತು. 1948ರ ಸೆಪ್ಟೆಂಬರಿನಲ್ಲಿ, ನಡೆಯಲಾರದ ಸ್ಥಿತಿಗೆ ತಲುಪಿದ್ದ ಮಹಿಳೆಯೊಬ್ಬರಿಗೆ ಅದರ ಚುಚ್ಚುಮದ್ದು ಕೊಟ್ಟರೆ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಟಾಡಿಯಸ್ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂದಿತು. ಲಗಾಮು ಲೆಕ್ಕ ಕೇಳಲು ಬಂದದ್ದು ಆಮೇಲೆ.

ಕಾರ್ಟಿಸೋನಿನಂತೆ ಹೊರಗಿನಿಂದ ನುಂಗಿದ ಸ್ಟಿರಾಯ್ಡನ್ನು ಹೈಪೊಥಲಾಮಸ್ ಮನೆಯದೋ ಪರರದೋ ಎಂದು ವಿಚಾರಿಸುವುದಿಲ್ಲ. ಸಾಕಷ್ಟಿದೆ ಎಂದು ಸುಮ್ಮನಾಗುತ್ತದೆ. ಎಸಿಟಿಎಚ್ ಇಲ್ಲದೆ ಕೆಲಸ ಕಳೆದುಕೊಂಡ ಹೊರಪದರ ವಾರಗಳಲ್ಲಿ ಸೊರಗುತ್ತದೆ. ನೋವು ಹೋಯಿತೆಂದು ಸಂತೋಷಪಟ್ಟು, ತಿಂಗಳುಗಟ್ಟಲೆ ನುಂಗಿದ ಮಾತ್ರೆಯನ್ನು ಒಂದು ಬೆಳಿಗ್ಗೆ ತಟ್ಟನೆ ನಿಲ್ಲಿಸಿದವರು ಆಮೇಲೆ ವಾಂತಿ, ಸುಸ್ತು, ಕುಸಿದ ರಕ್ತದೊತ್ತಡದೊಂದಿಗೆ ಬರುತ್ತಾರೆ. ಇವರ ಚರ್ಮ ಕಪ್ಪಾಗಿರುವುದಿಲ್ಲ, ಏಕೆಂದರೆ ಇಲ್ಲಿ ಸೊರಗಿರುವುದು ಗ್ರಂಥಿ ಮಾತ್ರವಲ್ಲ, ಅದಕ್ಕೆ ಆಜ್ಞೆ ಕೊಡುವವನೂ ಹೌದು. ಆ ಸಾಲು ಮತ್ತೆ ಎಚ್ಚರಗೊಳ್ಳಲು ತಿಂಗಳುಗಳೇ ಬೇಕಾಗಬಹುದು. ಅದಕ್ಕಾಗಿಯೇ ಪ್ರಮಾಣವನ್ನು ಹಂತಹಂತವಾಗಿ ಇಳಿಸಬೇಕು, ಅದೂ ವೈದ್ಯರು ಹೇಳಿದ ಲೆಕ್ಕದಲ್ಲಿ.

ಅಧ್ಯಕ್ಷರು ಗಡಿಯಾರವನ್ನು ಎರಡನೆಯ ಬಾರಿ ನೋಡಿದರು, ನನಗೆ ಕಾಣಿಸಿತು. ದೇಹದಲ್ಲಿ ಉಪ್ಪನ್ನು ಹಿಡಿದಿಡುವ, ಇದೇ ಹೊರಪದರದ ಹಾರ್ಮೋನಾದ ಆಲ್ಡೋಸ್ಟೆರಾನ್‌ಗೆ ಮುಕ್ಕಾಲು ಗಂಟೆ ಮೀಸಲಿಟ್ಟಿದ್ದೆ, ಈಗ ಮೂರೇ ವಾಕ್ಯ. ಅದರ ಲಗಾಮು ಮುಖ್ಯವಾಗಿ ಪಿಟ್ಯುಟರಿಯ ಕೈಯಲ್ಲಿಲ್ಲ. ರಕ್ತದೊತ್ತಡ ಇಳಿದಾಗ ಮೂತ್ರಪಿಂಡ ಸ್ರವಿಸುವ ರೆನಿನ್ ಎಂಬ ಕಿಣ್ವ, ಆಂಜಿಯೋಟೆನ್ಸಿನ್ ಎಂಬ ಹಾರ್ಮೋನಿನ ಮೂಲಕ ಅದನ್ನು ಏರಿಸುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾದರಂತೂ ಗ್ರಂಥಿಯೇ ನೇರವಾಗಿ ಸ್ಪಂದಿಸುತ್ತದೆ. ಪಿಟ್ಯುಟರಿ ಕೆಟ್ಟವರಲ್ಲಿ ಉಪ್ಪಿನ ಹಿಡಿತ ಬಹುಮಟ್ಟಿಗೆ ಉಳಿದು, ಅಡಿಸನ್ನನ ರೋಗಿಗಳಲ್ಲಿ ಅದೂ ಹೋಗುವುದು ಇದರಿಂದಲೇ.

ಅಡ್ರಿನಲಿನ್ ವಿಷಯಕ್ಕೆ ಇನ್ನೂ ಕಡಿಮೆ ಸಮಯ. ಅದನ್ನು ತಯಾರಿಸುವ ಒಳಗಿನ ತಿರುಳಿಗೆ ನರವೇ ನೇರ ಆಜ್ಞೆ ಕೊಡುತ್ತದೆ, ಹೊರಬಿದ್ದ ಅಡ್ರಿನಲಿನ್‌ನ ಅರ್ಧಭಾಗ ಎರಡು ಮೂರು ನಿಮಿಷಗಳಲ್ಲಿ ರಕ್ತದಿಂದ ಕರಗುತ್ತದೆ. ತಮಾಷೆಯೆಂದರೆ, ಪೂರ್ವರೂಪವಾದ ನಾರ್‌ಅಡ್ರಿನಲಿನ್ ಅಡ್ರಿನಲಿನ್ ಆಗಿ ಮಾರ್ಪಡಲು ಬೇಕಾದ ಕಿಣ್ವವನ್ನು ಬೆಳೆಸುವುದು ಹೊರಪದರದಿಂದ ಹರಿದುಬರುವ ಕಾರ್ಟಿಸಾಲ್. ಲೈಂಗಿಕ ಹಾರ್ಮೋನುಗಳ ಸ್ತರವನ್ನು ನಾನು ಮುಟ್ಟಲೇ ಇಲ್ಲ, ಪ್ರಶ್ನೋತ್ತರದಲ್ಲಿ ಬರಲಿ. ಸದ್ಯ ಸ್ಟಿರಾಯ್ಡ್ ಮಾತ್ರೆ ನುಂಗುತ್ತಿರುವವರು ಇಲ್ಲಿದ್ದರೆ, ಅವರ ಪ್ರಶ್ನೆಗಳನ್ನು ಮೊದಲು ತೆಗೆದುಕೊಳ್ಳುತ್ತೇನೆ.