ಜೇಡನ ಬರಿ ಯಾವುದು?

ಕೇಳುಗರೇ, ನಮಸ್ಕಾರ.

ಮಳೆಗಾಲ ಮುಗಿಯುವ ಹೊತ್ತಿಗೆ ಅಡಿಕೆ ತೋಟಕ್ಕೆ ಹೋದರೆ ಮುಖಕ್ಕೇ ಬಲೆ ಮೆತ್ತಿಕೊಳ್ಳುತ್ತದೆ, ಅಲ್ವಾ? ಹೊಂಬಣ್ಣದ ನೂಲು, ನಡುವೆ ಅಂಗೈಯಗಲದ ಜೇಡ. ಅದು ಹೆಣ್ಣು. ಗಂಡು ಹೆಸರುಕಾಳಿನಷ್ಟು. ಕೆಲವೊಮ್ಮೆ ಒಂದೇ ಬಲೆಯಲ್ಲಿ ಮೂರ್ನಾಲ್ಕು ಗಂಡುಗಳು ಹೊಂಚುಹಾಕಿ ಕೂತಿರುತ್ತವೆ. ಹಾಗಾದರೆ ಮೊಟ್ಟೆಗಳ ಅಪ್ಪ ಯಾರು?

ನಮ್ಮ ತುಳುನಾಡಿನ ಎಷ್ಟೋ ಮನೆಗಳಲ್ಲಿ ಮದುವೆಯ ಮಾತು ಬಂದರೆ ಮೊದಲ ಪ್ರಶ್ನೆ, ‘ನಿಮ್ಮ ಬರಿ ಯಾವುದು?’ ಬರಿ ಅಂದರೆ ಕುಲದ ಹೆಸರು, ಅದು ಬರುವುದು ತಾಯಿಯ ಕಡೆಯಿಂದ. ಜೀವಕೋಶದಲ್ಲೂ ಇಂಥದೊಂದು ಅಳಿಯಸಂತಾನ ಉಂಟು. ಅದು ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ ಡಿಎನ್‌ಎ. ಅದರಲ್ಲಿ ಸುಮಾರು 650 ರಾಸಾಯನಿಕ ಅಕ್ಷರಗಳ ಒಂದು ತುಂಡು ಓದಿದರೆ ಹೆಚ್ಚಿನ ಸಲ ಜೇಡದ ಜಾತಿ ತಿಳಿಯುತ್ತದೆ. 2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಈ ತುಂಡನ್ನು ಬಾರ್‌ಕೋಡ್‌ನಂತೆ ಬಳಸೋಣ ಎಂದರು. ಮರಿಜೇಡಗಳ ಮೈ ನೋಡಿ ಜಾತಿ ಹೇಳುವುದು ಬಲು ಕಷ್ಟ. ಅಲ್ಲಿ ಇದು ದೊಡ್ಡ ಉಪಕಾರ.

ಆದರೆ ಬರಿ ಕೇಳಿದರೆ ಅಪ್ಪ ಸಿಗುವುದಿಲ್ಲ. ಅದಕ್ಕೆ ಬೇರೆ ಗುರುತು ಬೇಕು. ಡಿಎನ್‌ಎಯಲ್ಲಿ ಕೆಲವು ಕಡೆ ತೊದಲಿದ ಹಾಗೆ ‘ಸಿಎ ಸಿಎ ಸಿಎ’ ಅಂತ ಅದೇ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. ಒಂದು ಜೇಡದಲ್ಲಿ 12 ಸಲ, ಇನ್ನೊಂದರಲ್ಲಿ 15 ಸಲ ಇರಬಹುದು. ಮರಿಗೆ ಒಂದು ಪ್ರತಿ ತಾಯಿಯದು, ಒಂದು ತಂದೆಯದು. ತಾಯಿಯದನ್ನು ಬದಿಗಿಟ್ಟರೆ ಉಳಿದದ್ದು ಅಪ್ಪನದು.

ಈ ತೊದಲು ಹುಡುಕುವುದೇ ಹಿಂದೆ ದೊಡ್ಡ ತಲೆನೋವು. ಡಿಎನ್‌ಎ ತುಂಡುಗಳನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೆಳೆಸಿ, ಒಂದೊಂದಾಗಿ ಓದಬೇಕಿತ್ತು. ತಿಂಗಳುಗಟ್ಟಲೆ ದುಡಿದರೂ ಕೈಗೆ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು. ಈಗಿನ ಯಂತ್ರ ಲಕ್ಷಗಟ್ಟಲೆ ತುಂಡುಗಳನ್ನು ಒಟ್ಟಿಗೇ ಓದುತ್ತದೆ. ತೊದಲಿರುವ ತುಂಡುಗಳನ್ನು ಕಂಪ್ಯೂಟರ್ ಆರಿಸಿ ಕೊಡುತ್ತದೆ.

ಅಷ್ಟಕ್ಕೇ ಮುಗಿಯಿತು ಅಂದುಕೊಳ್ಳಬೇಡಿ. ಆರಿಸಿದ್ದರಲ್ಲಿ ಎಷ್ಟೋ ಜೊಳ್ಳು. ಕೆಲವು ಪಿಸಿಆರ್‌ನಲ್ಲಿ, ಅಂದರೆ ಡಿಎನ್‌ಎ ತುಂಡನ್ನು ಲಕ್ಷಗಟ್ಟಲೆ ನಕಲು ಮಾಡುವ ವಿಧಾನದಲ್ಲಿ, ಸರಿಯಾಗಿ ನಕಲಾಗುವುದೇ ಇಲ್ಲ. ಇನ್ನು ಕೆಲವು ಎಲ್ಲ ಜೇಡಗಳಲ್ಲೂ ಒಂದೇ ಉದ್ದ. ಅಂಥದ್ದು ಗುರುತಿಗೆ ಆಗದು. ಊರೂರಿನ ಜೇಡಗಳ ಮೇಲೆ ಪರೀಕ್ಷಿಸಿ, ಗಟ್ಟಿ ನಿಂತದ್ದನ್ನು ಮಾತ್ರ ಇಟ್ಟುಕೊಳ್ಳಬೇಕು. ಆಮೇಲೆ ನೇತ್ರಾವತಿಯ ಈ ದಡದ ಜೇಡಕ್ಕೂ ಆ ದಡದ್ದಕ್ಕೂ ನಂಟಿದೆಯೇ ಎಂದೂ ಕೇಳಬಹುದು. ಮರಿಗಳು ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಹೋಗುತ್ತವಲ್ಲ, ಹೊಳೆ ಅವಕ್ಕೆ ಅಡ್ಡಿಯೋ ಅಲ್ಲವೋ ನೋಡಬೇಕು.

ಇಷ್ಟಕ್ಕೆಲ್ಲ ಜೇಡವನ್ನು ಕೊಲ್ಲಬೇಕಾಗಿಲ್ಲ. ಹೊಟ್ಟೆಯ ಭಾಗ ತೆಗೆದರೆ ಅದು ತಿಂದ ನೊಣದ ಡಿಎನ್‌ಎಯೂ ಬೆರೆತೀತು. ಒಂದು ಕಾಲು ಸಾಕು. ಹಿಡಿದಾಗ ಎಷ್ಟೋ ಸಲ ಅದೇ ಕಳಚಿಕೊಡುತ್ತದೆ. ಇನ್ನೂ ಬೆಳೆಯುವ ಜೇಡವಾದರೆ ಪೊರೆ ಬಿಟ್ಟಾಗ ಹೊಸ ಕಾಲು ಮೂಡುತ್ತದೆ. ಅಲ್ಲಿಯ ತನಕ ಏಳೇ ಕಾಲಲ್ಲಿ ಬಲೆ ನೇಯುತ್ತಿರುತ್ತದೆ.

ನಮಸ್ಕಾರ.