ಒನ್ಸ್ ಮೋರ್

ಕೇಳುಗರೇ, ನಮಸ್ಕಾರ.

ಜನರನ್ನು ನಗಿಸಿಯೇ ಬದುಕಬೇಕು ಅಂತ ಹೊರಟ ಒಬ್ಬ ಹುಡುಗ. ರಾತ್ರಿ ಹನ್ನೊಂದಾಗಿದೆ. ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲ್ ಮುಂದೆ ನಿಂತು ಒಂದೇ ಜೋಕನ್ನು ಮತ್ತೆ ಮತ್ತೆ ಹೇಳುತ್ತಿದ್ದಾನೆ. ಕೊನೆಯ ಮಾತಿಗೆ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾನೆ. ಆಮೇಲೆ ಆ ಮಾತು. ಸೊಗಸಾಗಿ ಬಂತು. ಆದರೆ ಎಡಿಟ್ ಮಾಡುವಾಗ ಆ ಗಳಿಗೆಯನ್ನೇ ಕತ್ತರಿಸಿ ಹಾಕುತ್ತಾನೆ. ಹಿಂದಿನ ವಿಡಿಯೋದಲ್ಲಿ ಜನ ಅಂಥ ಜಾಗದಲ್ಲೇ ಬಿಟ್ಟು ಹೋಗಿದ್ದರಂತೆ.

ಇದು ಅವನಿಗೆ ಹೇಗೆ ಗೊತ್ತು? ವಿಡಿಯೋ ಹಾಕಿದವರಿಗೆ ಯೂಟ್ಯೂಬ್ ಒಂದು ಗ್ರಾಫ್ ತೋರಿಸುತ್ತದೆ. ಯಾವ ಸೆಕೆಂಡಿನವರೆಗೆ ಎಷ್ಟು ಜನ ಉಳಿದರು ಅಂತ. ಯಾಕೆ ಹೋದರು ಅಂತ ಮಾತ್ರ ಹೇಳುವುದಿಲ್ಲ. ಜೋಕ್ ಸಪ್ಪೆಯಾಗಿತ್ತೋ, ಅಷ್ಟರಲ್ಲಿ ಯಾರಾದರೂ ಫೋನ್ ಮಾಡಿದರೋ, ಯಾರಿಗೆ ಗೊತ್ತು? ಎದುರಿಗೆ ಹತ್ತೇ ಜನ ಕೂತಿದ್ದರೂ ಅವನಿಗೆ ತಿಳಿಯುತ್ತಿತ್ತು. ಒಬ್ಬರು ಕೆಮ್ಮುತ್ತಾರೆ. ಇನ್ನೊಬ್ಬರು ಅರ್ಧ ನಕ್ಕು ಸುಮ್ಮನಾಗುತ್ತಾರೆ. ನಾಳೆ ಎಲ್ಲಿ ತಿದ್ದಬೇಕು ಅನ್ನೋದು ಆ ಅರ್ಧ ನಗುವಿನಲ್ಲೇ ಇರುತ್ತದೆ.

ಹೆಸರು ಮಾಡೋ ಆಸೆ ತಪ್ಪು ಅಂತ ನಾನು ಹೇಳಲಾರೆ. ನೋಡುವವರೇ ಇಲ್ಲದಿದ್ದರೆ ಕಲಾವಿದ ಯಾರ ಮುಂದೆ ಕುಣಿಯಬೇಕು? ಈ ಹಪಾಹಪಿ ಇವತ್ತು ಹುಟ್ಟಿದ್ದೂ ಅಲ್ಲ. 19ನೇ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಚಪ್ಪಾಳೆ ದುಡ್ಡಿಗೆ ಸಿಗುತ್ತಿತ್ತು. ಚಪ್ಪಾಳೆ ತಟ್ಟುವ ಆ ಗುಂಪಿಗೆ ಕ್ಲಾಕ್ ಅಂತ ಹೆಸರು. ಅದರಲ್ಲಿ ನಗೋಕೆ ಬೇರೆ ಜನ, ಕರವಸ್ತ್ರ ಹಿಡಿದು ಅಳೋಕೆ ಬೇರೆ ಜನ, ಒನ್ಸ್ ಮೋರ್ ಕೂಗೋಕೆ ಇನ್ನೊಂದಿಷ್ಟು ಜನ. ಎಲ್ಲಿ ಚಪ್ಪಾಳೆ ಬೀಳಬೇಕು ಅಂತ ಗೊತ್ತುಮಾಡಿಕೊಳ್ಳಲು ಅದರ ಮುಖ್ಯಸ್ಥ ರಿಹರ್ಸಲ್ಲಿಗೂ ಹೋಗುತ್ತಿದ್ದ. ಇವತ್ತು ಫಾಲೋವರ್ಸ್ ಕೊಳ್ಳುವವರಿಗೆ ಅಷ್ಟೂ ಸಿಗುವುದಿಲ್ಲ ಬಿಡಿ. ಸುಳ್ಳು ಖಾತೆಗಳು ನಗುವುದೂ ಇಲ್ಲ, ಅಳುವುದೂ ಇಲ್ಲ. ಬರೀ ಲೆಕ್ಕಕ್ಕೆ ಇರುತ್ತವೆ.

ನಮ್ಮ ಹುಡುಗನ ತಲೆಯಲ್ಲೂ ಈಗ ಲೆಕ್ಕವೇ. ಜಾಹೀರಾತಿನ ಹಣದಲ್ಲಿ ಪಾಲು ಬೇಕಾದರೆ 1,000 ಚಂದಾದಾರರಿರಬೇಕು, 12 ತಿಂಗಳಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು ಅಂತ ಯೂಟ್ಯೂಬ್ 2018ರಲ್ಲಿ ನಿಯಮ ಮಾಡಿತು. ಐದು ನಿಮಿಷದ ವಿಡಿಯೋ ಆದರೆ 48,000 ಸಲ ಪೂರ್ತಿ ಓಡಬೇಕು. ಅರ್ಧಕ್ಕೇ ಎದ್ದು ಹೋಗುವವರನ್ನು ಹಿಡಿದು ಕೂರಿಸೋಕೆ ಏನು ಮಾಡ್ತೀರಿ?

ಒಂದು ದಿನ ಕುರ್ಚಿ ಜಾರಿ ಬೀಳುತ್ತಾನೆ. ನಿಜವಾಗಿಯೇ ಬಿದ್ದದ್ದು. ಮೊಣಕೈ ತರಚಿದೆ. ಸುಮ್ನೆ ಇರಲಿ ಅಂತ ಅದನ್ನೂ ಹಾಕುತ್ತಾನೆ. ಓಡಿದ್ದು ಅದೊಂದೇ. ಮುಂದಿನ ವಾರ ಬೇಕಂತಲೇ ಬೀಳುತ್ತಾನೆ. ಅದರ ಮುಂದಿನ ವಾರ ಮೆಟ್ಟಿಲಿನಿಂದ. ಟಿವಿಯವರು ಕರೆದರೂ ಇದೇ ಕಥೆ. ಜೋಕಿಗೆ ಎರಡು ನಿಮಿಷ, ಮನೆಯ ಕಷ್ಟ ಹೇಳಿಕೊಂಡು ಅಳೋಕೆ ಹತ್ತು ನಿಮಿಷ. ಅವನು ಇಲ್ಲ ಅನ್ನುವುದಿಲ್ಲ. ಅನ್ನುವ ಧೈರ್ಯ ಯಾರಿಗಿದೆ ಹೇಳಿ, ಮತ್ತೆ ಕರೆಯದಿದ್ದರೆ?

ಈಗ ರಸ್ತೆಯಲ್ಲಿ ಜನ ಗುರುತು ಹಿಡಿಯುತ್ತಾರೆ. "ಬೀಳೋರು ನೀವೇ ಅಲ್ವಾ?" ಹೌದು ಅಂತ ನಕ್ಕು ಸೆಲ್ಫಿಗೆ ನಿಲ್ಲುತ್ತಾನೆ. ತಿಂಗಳುಗಟ್ಟಲೆ ತಿದ್ದಿದ ಒಂದು ಜೋಕು ಬಾಯಲ್ಲಿದೆ. ಹೇಳೋಣ ಅಂತ ಶುರುಮಾಡುವಷ್ಟರಲ್ಲಿ ಅವರು ಮೊಬೈಲ್ ಎತ್ತಿ ಹಿಡಿದಾಗಿದೆ. "ಸಾರ್, ಒಂದ್ಸಲ ಬಿದ್ದು ತೋರಿಸಿ!"

ನಮಸ್ಕಾರ.