‘ಎಒಡಿವಿ ಉತ್ತಮ’: ಯಾವ ಮೈದಾನದಲ್ಲಿ?

ನಮಸ್ಕಾರ. ಟವರ್ ಇಲ್ಲದೆ, ಓಡಾಡುತ್ತಿರುವ ಸಾಧನಗಳೇ ಒಂದರ ಪ್ಯಾಕೆಟ್ಟನ್ನು (ಡೇಟಾದ ತುಣುಕನ್ನು) ಇನ್ನೊಂದು ದಾಟಿಸುತ್ತಾ ಸಾಗುವ ಮೊಬೈಲ್ ಅಡ್ ಹಾಕ್ ಜಾಲದಲ್ಲಿ ಯಾವ ರೂಟಿಂಗ್ ಪ್ರೋಟೋಕಾಲ್ (ಪ್ಯಾಕೆಟ್ ಸಾಗುವ ದಾರಿಯನ್ನು ಹುಡುಕುವ ನಿಯಮಾವಳಿ) ಮೇಲು ಎಂಬ ಪ್ರಶ್ನೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಬಹಳ ಹಿಂದಿನಿಂದಲೂ ಬೇರೂರಿದೆ. ಎಒಡಿವಿ, ಡಿಎಸ್‌ಆರ್, ಡಿಎಸ್‌ಡಿವಿ ಎಂಬ ಪ್ರೋಟೋಕಾಲ್‌ಗಳ ಹೆಸರುಗಳು, ಜಾಲವನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಎನ್‌ಎಸ್-2 ಸಿಮ್ಯುಲೇಟರ್, ನಾಲ್ಕಾರು ಗ್ರಾಫ್, ಕೊನೆಗೆ ‘ಎಒಡಿವಿ ಉತ್ತಮ’ ಎಂಬ ತೀರ್ಪು. ಈ ತೀರ್ಪು ಯಾವ ಪರಿಸ್ಥಿತಿಗೆ ಅನ್ವಯಿಸುತ್ತದೆ ಎಂಬುದನ್ನು ಹೇಳದೆ ಬಿಡುವ ಅಭ್ಯಾಸದ ಮೇಲೆ ನನ್ನ ತಕರಾರಿದೆ.

1998ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ತಂಡ ಪ್ರಕಟಿಸಿದ ಹೋಲಿಕೆಯನ್ನು ನೋಡಿ. 1500 ಮೀಟರ್ ಉದ್ದ, 300 ಮೀಟರ್ ಅಗಲದ ಮೈದಾನ, 50 ನೋಡ್‌ಗಳು (ಜಾಲದ ಸಾಧನಗಳು), 900 ಸೆಕೆಂಡುಗಳ ಸಿಮ್ಯುಲೇಷನ್, 64 ಬೈಟ್‌ಗಳ ಪ್ಯಾಕೆಟ್. ಅಲ್ಲಿ ಡಿಎಸ್‌ಆರ್ ಎಲ್ಲ ವೇಗಗಳಲ್ಲೂ ಚೆನ್ನಾಗಿ ನಿಂತಿತು. ಮುಂದೆ ಸಮೀರ್ ದಾಸ್, ಚಾರ್ಲ್ಸ್ ಪರ್ಕಿನ್ಸ್, ಎಲಿಜಬೆತ್ ರಾಯರ್ ಅವರು ನೋಡ್‌ಗಳನ್ನು ನೂರರವರೆಗೆ ಏರಿಸಿ, 512 ಬೈಟ್‌ಗಳ ಪ್ಯಾಕೆಟ್ ಕಳುಹಿಸಿ ನೋಡಿದಾಗ ಚಿತ್ರ ಬದಲಾಯಿತು: ಒತ್ತಡ (ನೋಡ್‌ಗಳ ಸಂಖ್ಯೆ, ಸಂಚಾರ, ಚಲನೆ) ಕಡಿಮೆಯಿದ್ದಾಗ ಡಿಎಸ್‌ಆರ್ ಮುಂದು, ಒತ್ತಡ ಏರಿದಂತೆ ಎಒಡಿವಿ ಮುಂದು. ಡಿಎಸ್‌ಆರ್ ಹಿಂದೆ ಕಂಡುಕೊಂಡ ಮಾರ್ಗಗಳನ್ನು ಕೂಡಿಟ್ಟ ತನ್ನ ಕ್ಯಾಶ್‌ನಲ್ಲಿರುವ ಹಳಸಿದ ಮಾರ್ಗಗಳನ್ನು ತಾನಾಗಿ ಕೈಬಿಡುವುದಿಲ್ಲ. ಆ ಕ್ಯಾಶ್‌ನಿಂದಾಗಿಯೇ ಮಾರ್ಗ ಹುಡುಕಲು ಅದು ಕಳುಹಿಸುವ ನಿಯಂತ್ರಣ ಸಂದೇಶಗಳ ಹೊರೆ ಕಡಿಮೆಯೂ ಇತ್ತು. ಮೊದಲ ತಂಡದಲ್ಲಿ ಡಿಎಸ್‌ಆರ್ ರೂಪಿಸಿದವರಿದ್ದರು, ಎರಡನೆಯದರಲ್ಲಿ ಎಒಡಿವಿ ರೂಪಿಸಿದವರು. ಇದರಲ್ಲಿ ಯಾರನ್ನೂ ಶಂಕಿಸುವ ಅಗತ್ಯವಿಲ್ಲ, ಏಕೆಂದರೆ ಇಬ್ಬರೂ ತಮ್ಮ ಮೈದಾನದ ಅಳತೆಗಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟರು. ಆ ಅಳತೆಗಳನ್ನು ಬಿಟ್ಟು ತೀರ್ಪನ್ನಷ್ಟೇ ಎತ್ತಿಕೊಂಡವರು ನಂತರ ಬಂದವರು.

ನೋಡ್‌ಗಳ ಚಲನೆಯ ಮಾದರಿಯಲ್ಲೂ ಇಂಥದೇ ಕಥೆಯಿದೆ. ಬಹುತೇಕರು ಬಳಸುವ ರ್‍ಯಾಂಡಮ್ ವೇಪಾಯಿಂಟ್ ಮಾದರಿಯಲ್ಲಿ ಪ್ರತಿ ನೋಡ್ ಒಂದು ಗುರಿಯನ್ನೂ ಸೊನ್ನೆಯಿಂದ ಗರಿಷ್ಠದವರೆಗಿನ ಒಂದು ವೇಗವನ್ನೂ ಮನಬಂದಂತೆ ಆರಿಸಿಕೊಳ್ಳುತ್ತದೆ. ದೂರದ ಗುರಿಗೆ ಅತಿ ನಿಧಾನದ ವೇಗ ಬಂದ ನೋಡ್ ಆ ಒಂದು ಪ್ರಯಾಣದಲ್ಲೇ ಸಿಕ್ಕಿಕೊಳ್ಳುತ್ತದೆ. ಹೊತ್ತು ಕಳೆದಂತೆ ಅಂಥವುಗಳ ಸಂಖ್ಯೆ ಹೆಚ್ಚಿ ಇಡೀ ಜಾಲದ ಸರಾಸರಿ ವೇಗ ಕುಸಿಯುತ್ತಾ ಹೋಗುತ್ತದೆ. 2003ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಎತ್ತಿ ತೋರಿಸಿ, ಕನಿಷ್ಠ ವೇಗವನ್ನು ಸೊನ್ನೆಗಿಂತ ಮೇಲಿಡಬೇಕೆಂದರು. ಗರಿಷ್ಠ ವೇಗ ಸೆಕೆಂಡಿಗೆ 20 ಮೀಟರ್ ಎಂದು ಬರೆದಿರುವ ಗ್ರಾಫ್ ನಿಜವಾಗಿ ಎಷ್ಟು ವೇಗದ ಜಾಲವನ್ನು ಅಳೆದಿದೆ ಎಂಬುದು ಸಿಮ್ಯುಲೇಷನ್ ಎಷ್ಟು ಹೊತ್ತು ಓಡಿತು ಎಂಬುದನ್ನೂ ಅವಲಂಬಿಸಿದೆ.

ಅಳತೆಗೋಲುಗಳಿಗೆ ಬರೋಣ. ಒಂದು ಪ್ರೋಟೋಕಾಲ್ ಸಾವಿರ ಪ್ಯಾಕೆಟ್‌ಗಳಲ್ಲಿ 950ನ್ನು ಸರಾಸರಿ 80 ಮಿಲಿಸೆಕೆಂಡಿನಲ್ಲಿ ತಲುಪಿಸಿತು, ಇನ್ನೊಂದು 600ನ್ನು 30 ಮಿಲಿಸೆಕೆಂಡಿನಲ್ಲಿ ತಲುಪಿಸಿತು ಎಂದುಕೊಳ್ಳಿ. ವಿಳಂಬದ ಗ್ರಾಫ್ ಮಾತ್ರ ನೋಡಿದವರು ಎರಡನೆಯದಕ್ಕೆ ಮಾಲೆ ಹಾಕುತ್ತಾರೆ. ಆದರೆ ಸರಾಸರಿ ವಿಳಂಬವನ್ನು ತಲುಪಿದ ಪ್ಯಾಕೆಟ್‌ಗಳಿಂದಷ್ಟೇ ಲೆಕ್ಕ ಹಾಕುತ್ತಾರೆ. ಕಷ್ಟದ, ದೂರದ ಪ್ಯಾಕೆಟ್‌ಗಳನ್ನು ದಾರಿಯಲ್ಲೇ ಕೈಬಿಟ್ಟ ಪ್ರೋಟೋಕಾಲ್ ಆ ಲೆಕ್ಕದಲ್ಲಿ ಚುರುಕಾಗಿ ಕಾಣುತ್ತದೆ. ಹೀಗಾಗಿ ತಲುಪಿದ ಪ್ರಮಾಣವನ್ನು ಪಕ್ಕದಲ್ಲಿಡದೆ ವಿಳಂಬವನ್ನು ತೋರಿಸುವುದು ನನ್ನ ಮಟ್ಟಿಗೆ ತಪ್ಪು ವರದಿಯೇ.

ಸಿಮ್ಯುಲೇಟರಿನಿಂದ ಹೊರಗೆ ಬಂದರೆ ಇನ್ನೊಂದು ತೊಡಕು ಎದುರಾಗುತ್ತದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ನಿಜವಾದ ವೈರ್‌ಲೆಸ್ ಕಾರ್ಡ್‌ಗಳೊಂದಿಗೆ ಎಒಡಿವಿ ಓಡಿಸಿದಾಗ, ನೆರೆ ನೋಡ್ ಇದೆಯೆಂದು ಹೇಳುವ ಚಿಕ್ಕ ಹಲೋ ಸಂದೇಶಗಳು ತಲುಪಿದರೂ ಡೇಟಾ ತಲುಪದ ಜಾಗಗಳು ಕಂಡುಬಂದವು. ಹಲೋ ಸಂದೇಶ ಕಡಿಮೆ ಬಿಟ್ ದರದಲ್ಲಿ ಪ್ರಸಾರವಾಗುವುದರಿಂದ ಅದು ಹೆಚ್ಚು ದೂರ ಹೋಗುತ್ತದೆ. ಡೇಟಾ ಹೆಚ್ಚಿನ ದರದಲ್ಲಿ ಹೊರಡುವುದರಿಂದ ಅಷ್ಟು ದೂರ ಹೋಗಲಾರದು. 250 ಮೀಟರಿನ ಒಳಗೆ ಎಲ್ಲವೂ ಕೇಳಿಸುತ್ತದೆ, ಹೊರಗೆ ಏನೂ ಕೇಳಿಸದು ಎಂದು ನಂಬುವ ಸಿಮ್ಯುಲೇಟರಿನಲ್ಲಿ ಇಂಥ ಜಾಗ ಹುಟ್ಟುವುದೇ ಇಲ್ಲ.

ಏನನ್ನು ಬರೆದಿಡಬೇಕು ಎಂಬುದಂತೂ ಗುಟ್ಟಲ್ಲ. 1999ರ ಆರ್‌ಎಫ್‌ಸಿ 2501 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಜಾಲದ ಗಾತ್ರ, ಸಂಪರ್ಕದ ಸಾಂದ್ರತೆ, ಬದಲಾವಣೆಯ ವೇಗ, ಏಕಮುಖ ಕೊಂಡಿಗಳ ಪಾಲು, ಸಂಚಾರದ ಸ್ವರೂಪ ಎಲ್ಲವನ್ನೂ ಪಟ್ಟಿ ಮಾಡಿದೆ. ಆದರೂ 2000ದಿಂದ 2005ರವರೆಗಿನ ಮೊಬಿಹಾಕ್ ಸಮ್ಮೇಳನದ 151 ಪ್ರಬಂಧಗಳನ್ನು ಪರಿಶೀಲಿಸಿದ ಅಧ್ಯಯನವೊಂದು, ಸಿಮ್ಯುಲೇಷನ್ ಬಳಸಿದವುಗಳಲ್ಲಿ ಶೇ. 15ಕ್ಕಿಂತ ಕಡಿಮೆ ಮಾತ್ರ ಮತ್ತೊಬ್ಬರು ಮಾಡಿ ನೋಡುವಂತಿವೆ ಎಂದಿತು. ಅದು ಈ ಕ್ಷೇತ್ರದ ಮೇಲ್ಪಂಕ್ತಿಯ ಸಮ್ಮೇಳನ. ಆದ್ದರಿಂದ ಮಾರ್ಗದರ್ಶಕರಲ್ಲಿ ನನ್ನದೊಂದು ಒತ್ತಾಯ: ಐದನೆಯ ಪ್ರೋಟೋಕಾಲ್ ಸೇರಿಸಿ ಎನ್ನುವ ಬದಲು, ಎರಡನ್ನೇ ಬೇರೆ ಬೇರೆ ಸೀಡ್‌ಗಳೊಂದಿಗೆ (ಸಿಮ್ಯುಲೇಟರಿನ ಯಾದೃಚ್ಛಿಕ ಆಯ್ಕೆಗಳ ಆರಂಭಿಕ ಸಂಖ್ಯೆಗಳೊಂದಿಗೆ) ಹಲವು ಬಾರಿ ಓಡಿಸಿ, ಗ್ರಾಫಿನಲ್ಲಿ ಏರಿಳಿತದ ವ್ಯಾಪ್ತಿಯನ್ನೂ ತೋರಿಸಿ, ಸ್ಕ್ರಿಪ್ಟನ್ನು ವರದಿಯ ಜೊತೆಗೇ ಲಗತ್ತಿಸುವಂತೆ ವಿದ್ಯಾರ್ಥಿಗಳಿಗೆ ಹೇಳಿ.